ಹೋಲಿಕೆಗೆ ತೆಗೆದ ರಕ್ತ

ಒಂದು ಕೊಳವೆ ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಅವನು ಕುದಿಯುವ ನೀರಿನಿಂದ ಕೊಳವೆಗಳ ಸ್ಟ್ಯಾಂಡನ್ನು ಎತ್ತಿ, ನಲ್ಲಿಯ ಕೆಳಗೆ ಹಿಡಿದು ತಣಿಸಿ, ಬಟ್ಟೆಯಲ್ಲಿ ಒರೆಸಿ ಟ್ಯೂಬ್‌ಲೈಟಿನ ಬೆಳಕಿಗೆ ಒಡ್ಡಿದ. ಹಿಂದಿನ ಸಾಲು ರೋಗಿಗಳದು. ಅಲ್ಲಿ ಎಲ್ಲವೂ ಗುಲಾಬಿ; ಕೆಲವು ತೆಳು, ಕೆಲವು ದಟ್ಟ. ಮುಂದಿನ ಸಾಲು ಆರೋಗ್ಯವಂತರದು. ಅಲ್ಲಿ ಬಣ್ಣ ಇದ್ದೂ ಇಲ್ಲದ ಹಾಗಿರಬೇಕು. ಹಾಗೇ ಇತ್ತು ಕೂಡ, ನಡುವಿನ ಒಂದನ್ನು ಬಿಟ್ಟು.

ಅದು ಹಿಂದಿನ ಸಾಲಿನದು, ತಪ್ಪಿ ಮುಂದೆ ಬಂದು ಕೂತಿರಬೇಕು ಅಂದುಕೊಂಡು ಮೇಲಿನ ಗುರುತು ನೋಡಿದ. ತಪ್ಪಿ ಬಂದಿರಲಿಲ್ಲ. ಅದು ಅವನ ಹೆಂಡತಿಯ ರಕ್ತ.

"ಅರೆ," ಅಂದ. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅಂದ ಮೇಲೆ ಒಮ್ಮೆ ತಿರುಗಿ ನೋಡಿಕೊಂಡ.

ಅವನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕೂತು ಕೆಲಸ ಮಾಡುವ ಸಂಶೋಧಕ. ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸರ ರಕ್ತವನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡುವುದು ಅವನ ಪಾಲಿಗೆ ಬಂದ ಕೆಲಸ. ನಾವು ಉಸಿರಾಡುವ ಆಮ್ಲಜನಕವೇ ಮೈಯನ್ನು ಒಳಗೊಳಗೇ ಸುಡುತ್ತಿರುತ್ತದೆ. ಗಟ್ಟಿ ಮೈ ಆ ಕಿಡಿಗಳನ್ನು ಅಲ್ಲಲ್ಲೇ ಆರಿಸಿಕೊಳ್ಳುತ್ತದೆ, ರೋಗ ಹೊಕ್ಕ ಮೈಗೆ ಅದು ಕೈಲಾಗುವುದಿಲ್ಲ. ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಅದಕ್ಕೊಂದು ಗಂಭೀರವಾದ ಹೆಸರು. ಹಾಗೆ ಸುಟ್ಟದ್ದರ ಚೂರುಪಾರು ರಕ್ತದಲ್ಲಿ ಉಳಿಯುತ್ತದೆ. ರಾಸಾಯನಿಕ ಬೆರೆಸಿ ಕುದಿಸಿದರೆ ಗುಲಾಬಿ ಬಣ್ಣವಾಗಿ ಮೇಲೇಳುತ್ತದೆ. ಎಷ್ಟು ಗುಲಾಬಿಯೋ ಅಷ್ಟು ಸುಟ್ಟಿದೆ ಎಂದು ಲೆಕ್ಕ.

ಚಿಕಿತ್ಸೆಯದು ಇನ್ನೊಂದು ತಮಾಷೆ. ವಿಕಿರಣ ಕೊಡುವುದೂ ಸುಡುವುದಕ್ಕೇ. ಗೆಡ್ಡೆಯನ್ನು ಸುಡುವಾಗ ಅಕ್ಕಪಕ್ಕದ್ದೂ ಒಂದಿಷ್ಟು ಬೇಯುತ್ತದೆ. ಹಾಗಾದರೆ ಚಿಕಿತ್ಸೆ ಮುಗಿದ ಮೇಲೆ ಬಣ್ಣ ಇಳಿಯುತ್ತದೋ, ಏರುತ್ತದೋ? ಇದರ ಮೇಲೆ ತಿಳಿದವರು ಜಗಳವಾಡುತ್ತಿದ್ದರು. ಆ ಜಗಳದಲ್ಲಿ ತನ್ನದೂ ಒಂದು ಮಾತಿರಲಿ ಎಂದು ಅವನು ವರ್ಷಗಟ್ಟಲೆ ರಕ್ತ ಕುದಿಸುತ್ತಿದ್ದ.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ. ಆದರೆ ನೆಟ್ಟಗಿರುವವರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ಹಾಗಾಗಿ ಅಲ್ಲೊಂದು ಪದ್ಧತಿ ಬೆಳೆದುಬಂದಿತ್ತು: ಪ್ರಯೋಗಾಲಯದವರು ತಮ್ಮ ತಮ್ಮ ಮನೆಯ ಹೆಂಗಸರ ರಕ್ತ ತರುವುದು. ಅತ್ತಿಗೆ, ನಾದಿನಿ, ಸೋದರತ್ತೆ, ಪಕ್ಕದ ಮನೆಯವಳಾದರೂ ಸರಿ. ಒಂದು ಲೋಟ ಹಣ್ಣಿನ ರಸ ಕೊಟ್ಟರೆ ಪಾಪ ತೋಳು ಚಾಚುತ್ತಿದ್ದರು. ಈ ಪ್ರಯೋಗಾಲಯಕ್ಕೆ ಹೆಣ್ಣು ಕೊಡುವವರು ರಕ್ತವನ್ನೂ ಕೊಡಬೇಕು ಎಂದು ಅಲ್ಲಿಯವರು ನಗುತ್ತಿದ್ದರು.

ಅವನು ಹೆಂಡತಿಯ ರಕ್ತ ತಂದ ದಿನ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, ಎಂದಿನಂತೆ ಕೇಳಿದ್ದರು.

"ತೊಂದರೆ ಏನೂ ಇಲ್ವಲ್ಲ? ಸೊಂಟ ನೋವು, ಬಿಳಿ ಹೋಗೋದು, ಮಧ್ಯೆ ಮಧ್ಯೆ ರಕ್ತ ಕಾಣಿಸ್ಕೊಳ್ಳೋದು?"

"ಏನೂ ಇಲ್ಲ ಮೇಡಂ."

"ಕೇಳಿದ್ರಾ?"

"ನನ್ನ ಹೆಂಡತಿ ಅಲ್ವಾ ಮೇಡಂ!"

ಇಬ್ಬರೂ ನಕ್ಕಿದ್ದರು. ಅವನು ಕೇಳಿರಲಿಲ್ಲ.

ಈಗ ಕೊಳವೆಯನ್ನು ಕೈಯಲ್ಲಿ ಹಿಡಿದು ಅವನು ತಪ್ಪಿತಸ್ಥರನ್ನು ಹುಡುಕತೊಡಗಿದ. ಮೊದಲು ರಾಸಾಯನಿಕವನ್ನು ಅನುಮಾನಿಸಿದ, ಆಮೇಲೆ ಕೊಳವೆ ತೊಳೆದವರನ್ನು, ಆಮೇಲೆ ಕರೆಂಟನ್ನು. ಪಕ್ಕದ ಕೊಳವೆಗಳೆಲ್ಲ ತಣ್ಣಗೆ ಬಿಳಿಚಿಕೊಂಡು ಕೂತಿರುವಾಗ ಇದೊಂದರ ಮೇಲೆ ಕರೆಂಟಿಗೇನು ಹಗೆ? ಫ್ರೀಜರಿನಲ್ಲಿ ಅವಳದೇ ರಕ್ತದ ಇನ್ನೊಂದು ಪಾಲು ಇತ್ತು. ಅದನ್ನು ಕರಗಿಸಿ, ಮೊದಲಿನಿಂದ ಎಲ್ಲ ಮಾಡಿ, ಮತ್ತೆ ಕುದಿಸಿದ. ಏನೇ ಬಂದರೂ ಇನ್ನೊಮ್ಮೆ ಮಾಡುವವನೆಂದು ಜೊತೆಯವರು ಅವನಿಗೆ 'ರಿಪೀಟ್' ಎಂದು ಹೆಸರಿಟ್ಟಿದ್ದರು. ಹೆಸರು ಇಟ್ಟವರ ಮೇಲೆ ಅವನಿಗೆ ಬೇಸರವಿರಲಿಲ್ಲ. ಇನ್ನೊಮ್ಮೆ ಮಾಡುತ್ತಿರುವಷ್ಟು ಹೊತ್ತು ಏನನ್ನೂ ನಂಬಬೇಕಾಗಿಲ್ಲ ಎಂಬುದು ಅವರಿಗೆಲ್ಲಿ ಗೊತ್ತು.

ಎರಡನೆಯದೂ ಗುಲಾಬಿಯಾಯಿತು. ಮೊದಲಿನದಕ್ಕಿಂತ ಒಂದು ಕೈ ಮೇಲು ಅನ್ನುವಂತೆ.

ದೊಡ್ಡ ಮೇಡಂ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿಸಿಕೊಂಡರು.

"ಒಂದು ಹೀಗೆ ಹೊರಗೆ ನಿಂತಿದ್ಯಾ? ಕಿತ್ತುಹಾಕಿ. ಇಡೀ ಗುಂಪನ್ನ ಹಾಳುಮಾಡುತ್ತೆ. ನಿಮ್ಮ ತಂಗಿ ಇದ್ದಾರಲ್ಲ, ಅವರದು ತನ್ನಿ."

"ಸರಿ ಮೇಡಂ."

"ಯಾರದು ಅದು?"

"ನನ್ನ... ಮನೆಯವಳದು."

ಈಗ ತಲೆ ಎತ್ತಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆಯುವುದನ್ನು ಅವನು ಹಿಂದೆ ನೋಡಿರಲಿಲ್ಲ. ಕಣ್ಣುಗಳು ಬಹಳ ಚಿಕ್ಕವಾಗಿದ್ದವು.

"ಮನೇಲಿ ಎಲ್ಲ ಸರಿ ತಾನೆ?"

"ಸರಿ ಮೇಡಂ."

"ಇದರಿಂದ ಏನೂ ಗೊತ್ತಾಗಲ್ಲ, ನಿಮಗೇ ಗೊತ್ತು. ಆದರೂ ಒಂದ್ಸಲ ಕೇಳಿ. ಏನಾದ್ರೂ ಇದ್ಯಾ ಅಂತ. ಇದ್ದರೆ ಮೇಲೆ ಕರ್ಕೊಂಡು ಬನ್ನಿ, ಡಾಕ್ಟ್ರಿಗೆ ನಾನೇ ಹೇಳ್ತೀನಿ. ತಡ ಮಾಡೋ ವಿಷಯ ಅಲ್ಲ ಇದು."

"ಕೇಳ್ತೀನಿ ಮೇಡಂ."

ಎಷ್ಟು ಸುಲಭದ ಮಾತು! ಏನಾದರೂ ಇದೆಯಾ? ದಿನಕ್ಕೆ ನೂರು ಸಲ ಯಾರು ಯಾರನ್ನೋ ಕೇಳುವ ಮಾತು. ಅಂಗಡಿಯವನನ್ನು ಕೇಳುತ್ತೇವೆ, ಬಸ್ಸಿನಲ್ಲಿ ಪಕ್ಕದವನನ್ನು ಕೇಳುತ್ತೇವೆ. ಅವನು ಮೆಟ್ಟಿಲು ಇಳಿಯುತ್ತ ಆ ಮಾತನ್ನು ಬಾಯಲ್ಲಿ ಹೇಳಿ ನೋಡಿಕೊಂಡ. ಹೆಂಡತಿಯ ಮುಖ ಎದುರಿಟ್ಟುಕೊಂಡ ಕೂಡಲೆ ಮಾತು ಬಾಯಲ್ಲೇ ಉಳಿಯಿತು.

ಈ ಬಣ್ಣ ಯಾರಿಗೂ ಕ್ಯಾನ್ಸರ್ ಇದೆ ಎಂದು ಹೇಳುವುದಿಲ್ಲ. ಜ್ವರ ಬಂದರೂ ಏರುತ್ತದೆ, ಸಿಗರೇಟು ಸೇದಿದರೂ ಏರುತ್ತದೆ, ಸಕ್ಕರೆ ಕಾಯಿಲೆಗೂ ಏರುತ್ತದೆ. ಮನಸ್ಸಿನೊಳಗೇ ಕೊರಗುತ್ತಿದ್ದರೂ ಏರುತ್ತದೆ ಎಂದು ಕೆಲವರು ಬರೆದಿದ್ದರು. ಅವನು ಅವರನ್ನು ಅರೆಬರೆ ವಿಜ್ಞಾನಿಗಳೆಂದು ಕಡೆಗಣಿಸಿದ್ದ. ಅವಳಿಗೆ ಜ್ವರ ಇರಲಿಲ್ಲ. ಇತ್ತೇ? ಸಿಗರೇಟಂತೂ ಇಲ್ಲ, ಸಕ್ಕರೆಯೂ ಇಲ್ಲ. ಉಳಿದದ್ದು ಎರಡು. ಒಳಗೆ ರೋಗ ಇರಬೇಕು, ಇಲ್ಲವೇ ಒಳಗೆ ಕೊರಗು ಇರಬೇಕು. ಎರಡರಲ್ಲಿ ಯಾವುದಾದರೆ ವಾಸಿ ಎಂದು ಮನಸ್ಸು ತಕ್ಕಡಿ ಹಿಡಿದು ಕೂತಿತು. ರೋಗವಾದರೆ ಅದು ಯಾರ ತಪ್ಪೂ ಅಲ್ಲ.

ತಾನು ಯಾವುದನ್ನು ಬಯಸುತ್ತಿದ್ದೇನೆಂದು ಹೊಳೆದಾಗ ಅವನಿಗೆ ನಾಚಿಕೆಯಾಯಿತು.

ಮಧ್ಯಾಹ್ನಕ್ಕೆ ಮುಂಚೆ ಮಹಿಳೆಯರ ವಾರ್ಡಿನಿಂದ ಒಂದು ರಕ್ತ ತರಬೇಕಿತ್ತು. ಚಿಕಿತ್ಸೆ ಮುಗಿಸಿ ಅವತ್ತೇ ಮನೆಗೆ ಹೊರಟಿದ್ದ ಹೆಂಗಸೊಬ್ಬಳದು. ಹೊಲಿಗೆ ಅಂಗಡಿ ಇಟ್ಟವಳು. ವಾರ್ಡಿನಲ್ಲೆಲ್ಲ ಅವಳು ಟೈಲರಮ್ಮ. ಮಂಚದ ಮೇಲೆ ಕಾಲು ಇಳಿಬಿಟ್ಟು, ಹೊರಡುವ ಬಟ್ಟೆ ಹಾಕಿಕೊಂಡು ಕೂತಿದ್ದಳು. ಬಟ್ಟೆ ಅವಳೇ ಹೊಲಿದದ್ದು, ಈಗ ಅವಳಿಗೇ ದೊಗಲೆಯಾಗಿತ್ತು.

"ಬಂತು ನೋಡಮ್ಮಾ ಸೊಳ್ಳೆ," ಎಂದು ಪಕ್ಕದ ಮಂಚದವಳಿಗೆ ಹೇಳಿದಳು. "ಮನೆಗೆ ಹೊರಟೋಳನ್ನೂ ಬಿಡಲ್ಲ."

ನರ್ಸ್ ಆಗಲೇ ರಕ್ತ ತೆಗೆದಿಟ್ಟಿದ್ದಳು. ಕೊಳವೆ ತೆಗೆದುಕೊಂಡು ಹೊರಡುವುದಷ್ಟೇ ಅವನ ಕೆಲಸ. ಅವನು ಹೊರಡಲಿಲ್ಲ.

"ಹೇಗಿದೀರಾ?"

"ಇದೀನಪ್ಪ. ಆ ಮಿಷನ್ ಕೆಳಗೆ ಮಲಗಿಸಿ ಕರೆಂಟು ಕೊಟ್ಟೂ ಕೊಟ್ಟೂ ಒಳಗೆಲ್ಲ ಹಪ್ಪಳ ಮಾಡಿಟ್ಟಿದಾರೆ. ಒಂದಕ್ಕೆ ಹೋದ್ರೆ ಖಾರ ಅರೆದು ಹಚ್ಚಿದ ಹಾಗೆ ಉರಿಯುತ್ತೆ. ನೀರು ಕುಡಿದ್ರೂ ಕಬ್ಬಿಣದ ರುಚಿ. ಆದರೆ ಗೆಡ್ಡೆ ಕರಗಿದೆಯಂತೆ, ಡಾಕ್ಟ್ರು ನಗ್ತಾ ಹೇಳಿದ್ರು. ಅವರು ನಗೋದು ನೋಡಿ ನಾನೂ ನಕ್ಕೆ." ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. "ಯಾಕಪ್ಪಾ, ಮುಖ ಸಪ್ಪಗಿದೆ?"

"ಒಂದು ಮಾತು ಕೇಳಲಾ? ಮೊದಮೊದಲು... ನಿಮಗೆ ಹೇಗೆ ಗೊತ್ತಾಯ್ತು?"

"ಅಬ್ಬಾ! ಇಷ್ಟು ದಿನ ರಕ್ತ ಒಯ್ದೋನು ಇವತ್ತು ಕಥೆ ಕೇಳ್ತಿದಾನೆ," ಎಂದು ನಕ್ಕಳು. ಆದರೆ ಹೇಳಿದಳು. "ಸೊಂಟ ನೋವು ಬರ್ತಿತ್ತು. ಮಿಷನ್ ತುಳಿಯೋಳಿಗೆ ಸೊಂಟ ನೋಯದೆ ಇನ್ನೇನು ಅಂದ್ಕೊಂಡೆ. ಆಮೇಲೆ ಬಟ್ಟೆ ಮೇಲೆ ಕಲೆ. ನನಗೆ ಮುಟ್ಟು ನಿಂತು ಎಷ್ಟೋ ಕಾಲ ಆಗಿತ್ತಪ್ಪ. ಆಮೇಲೆ ವಾಸನೆ. ಹೆಂಗಸರ ಕಾಯಿಲೆ ನೋಡು, ಬಾಯಿ ಬಿಟ್ರೆ ಬಣ್ಣಗೇಡು."

"ಮನೆಯವರಿಗೆ ಹೇಳಲಿಲ್ವಾ?"

"ಏನಂತ ಹೇಳ್ಲಿ? ಬೇರೆ ಕಡೆ ಹಾಸ್ಕೊಂಡೆ. ರಾತ್ರಿ ಹೊಲಿಗೆ ಇರುತ್ತೆ, ನಿಮಗೆ ನಿದ್ದೆ ಕೆಡುತ್ತೆ ಅಂದೆ. ಸರಿ ಅಂದ್ರು."

"ಅಷ್ಟೇನಾ?"

"ಅಷ್ಟೇ. ಯಾಕೆ ಅಂತ ಒಂದು ಮಾತು ಕೇಳಿದ್ರೆ ಹೇಳಿಬಿಡ್ತಿದ್ದೆ. ಕೇಳಲಿ ಅಂತಾನೇ ಬೇರೆ ಹಾಸಿದ್ದು. ಅವರಿಗೂ ಆರಾಮ ಅನ್ನಿಸ್ತೋ ಏನೋ, ಕೈಕಾಲು ಚಾಚಿ ಮಲಗಿದ್ರು."

ಅಷ್ಟರಲ್ಲಿ ಅವಳ ಗಂಡ ಔಷಧಿಯ ಚೀಲ ಹಿಡಿದು ಬಂದ. ಕುಳ್ಳಗೆ, ಅವಸರದ ಮನುಷ್ಯ. "ಏನಾದ್ರೂ ಬೇಕಾ? ಬಾಯಾರಿಕೆನಾ? ನೋಯ್ತಿದ್ಯಾ?" ಎಂದು ಒಂದೇ ಉಸಿರಿಗೆ ಕೇಳಿದ.

"ನೋಡು, ಈಗ ಗಳಿಗೆಗೊಂದು ಸಲ ಕೇಳ್ತಾರೆ," ಅಂದಳು ಟೈಲರಮ್ಮ, ಗಂಡನ ತೋಳು ಹಿಡಿದು ಏಳುತ್ತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಹೇಳಿದ್ದು ಅವಳ ಗಂಡನ ವಿಷಯ. ಬಿಸಿಯಾದದ್ದು ಇವನ ಕಿವಿ. ಇವನ ಹೆಂಡತಿಯೂ ಹಾಸಿಗೆ ಬದಲಿಸಿದ್ದಳು. ಮುಂದಿನ ಕೋಣೆಯ ಸಣ್ಣ ಮಂಚಕ್ಕೆ. "ನಿಮ್ಮ ಗೊರಕೆ ರೀ, ತಡೆಯಕ್ಕಾಗಲ್ಲ" ಅಂದಿದ್ದಳು. ಮದುವೆಯಾದಾಗಿನಿಂದ ಇದ್ದ ಗೊರಕೆ. ಈಗೇಕೆ ಎಂದು ಅವನು ಕೇಳಿರಲಿಲ್ಲ. ದೀಪ ಹಾಕಿಕೊಂಡು ಎಷ್ಟು ಹೊತ್ತಾದರೂ ಓದಬಹುದು, ಇಡೀ ಮಂಚ ತನ್ನದು ಎಂದು ಒಳಗೊಳಗೇ ಹಿಗ್ಗಿದ್ದ. ಅವಳು ಆ ಕಡೆ ಹೋದ ರಾತ್ರಿಯೇ ಅಡ್ಡಡ್ಡ ಮಲಗಿದ್ದ.

ಕೆಳಗೆ ಬಂದು ಟೈಲರಮ್ಮನ ಕೊಳವೆಯನ್ನು ಫ್ರಿಜ್ಜಿನಲ್ಲಿ ನಿಲ್ಲಿಸಿದ. ಆಮೇಲೆ ಅಗಲಬಾಯಿಯ ಫ್ಲಾಸ್ಕಿಗೆ ಐಸ್ ತುಂಬಿದ. ಸೂಜಿ, ಹತ್ತಿ, ಖಾಲಿ ಕೊಳವೆ, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಎಲ್ಲವನ್ನೂ ಜೇಬಿಗೆ ತುರುಕಿಕೊಂಡ. ಹೊಸ ರಕ್ತ ತೆಗೆದು ಕುದಿಸಿ ನೋಡುವುದು. ತಿಳಿಯಾಗಿ ಬಂದರೆ ಮಾತೇ ಬೇಡ. ಗುಲಾಬಿ ಬಂದರೆ ಆಗ ಕೇಳಿದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಬಾಯಿಂದ ಆಗುವ ಕೆಲಸಕ್ಕೆ ಅವನು ಸೂಜಿ ಕಟ್ಟಿಕೊಂಡು ಹೊರಟ.

ಮನೆ ಮೂರನೆಯ ಮಹಡಿಯಲ್ಲಿ. ಗಂಟೆ ಒತ್ತಿ ಬಹಳ ಹೊತ್ತು ನಿಲ್ಲಬೇಕಾಯಿತು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರ್, ಮಧ್ಯಾಹ್ನಕ್ಕೆ ಮುಗಿಸಿ ಬರುತ್ತಾಳೆ. ಇಷ್ಟು ಹೊತ್ತಿಗೆ ಏನು ಮಾಡುತ್ತಿರುತ್ತಾಳೆ ಎಂದು ಯೋಚಿಸಿದ. ಏನೂ ತೋಚಲಿಲ್ಲ. ಅವಳ ಮಧ್ಯಾಹ್ನಗಳನ್ನು ಅವನು ಯಾವತ್ತೂ ನೋಡಿರಲಿಲ್ಲ.

ಬಾಗಿಲು ತೆರೆಯಿತು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೀಟು.

"ಏನ್ರೀ, ಈ ಹೊತ್ತಲ್ಲಿ?"

"ಒಂದು ಕೆಲಸ ಇತ್ತು."

"ಮನೇಲಾ?"

"ಹೂಂ."

ಮುಂದಿನ ಕೋಣೆಯ ಮಂಚದ ಮೇಲೆ ಬಿಸಿನೀರಿನ ಚೀಲ ಬಿದ್ದಿತ್ತು. ಅವನ ಕಣ್ಣು ಅಲ್ಲಿಗೆ ಹೋದದ್ದನ್ನು ಅವಳು ನೋಡಿದಳು. ಹೋಗಿ ಹೊದಿಕೆ ಎಳೆದು ಅದರ ಮೇಲೆ ಹಾಕಿದಳು, ಅವಸರವೇನೂ ಇಲ್ಲದೆ. ಅವನು ಫ್ಲಾಸ್ಕನ್ನು ಊಟದ ಮೇಜಿನ ಮೇಲಿಟ್ಟ.

"ಸ್ವಲ್ಪ ರಕ್ತ ಬೇಕಿತ್ತು."

"ಹೋದ ತಿಂಗಳು ತಾನೆ ಕೊಟ್ಟೆನಲ್ಲ."

"ಅದು ಕೆಟ್ಟುಹೋಯ್ತು."

"ರಕ್ತ ಕೆಡುತ್ತಾ?"

"ಐಸ್ ಇಲ್ಲದೆ ಇಟ್ಟರೆ ಕೆಡುತ್ತೆ. ನಾನು ಮರೆತೆ."

ಮರೆತಿರಲಿಲ್ಲ. ಅವನು ಅಂಥದ್ದನ್ನೆಲ್ಲ ಮರೆಯುವವನಲ್ಲ.

"ಹಾಲಿನ ಹಾಗೆ," ಅಂದಳು ಅವಳು. ನಕ್ಕಂತೆ ಮಾಡಿ ಕುರ್ಚಿಯ ಮೇಲೆ ಕೂತು ತೋಳಿನ ಬಟ್ಟೆ ಮೇಲಕ್ಕೆ ಮಡಚಿದಳು. ಕೈಯನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿದಳು. ಯಾಕೆ, ಏನು, ಎಷ್ಟು ಎಂದು ಕೇಳಲಿಲ್ಲ. ಕೇಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಒಬ್ಬರನ್ನೊಬ್ಬರು ತೊಂದರೆಪಡಿಸದಿರುವುದಕ್ಕೆ ಹೊಂದಾಣಿಕೆ ಎಂದು ಹೆಸರು. ನೆಂಟರಿಷ್ಟರು ತಮ್ಮ ಮಕ್ಕಳ ಮುಂದೆ ಇವರ ಉದಾಹರಣೆ ಕೊಡುತ್ತಿದ್ದರು.

ರಬ್ಬರ್ ಪಟ್ಟಿಯನ್ನು ತೋಳಿಗೆ ಸುತ್ತಿದ. ಕಳೆದ ಸಲ ಗಂಟಿಗೆ ಸಾಲದೆ ಬಂದದ್ದು ಈ ಸಲ ಉದ್ದಕ್ಕೆ ಮಿಕ್ಕಿತು.

"ತೆಳ್ಳಗಾಗಿದೀಯಾ."

"ಒಳ್ಳೇದೇ ಆಯ್ತಲ್ಲ."

"ಮುಷ್ಟಿ ಹಿಡಿ."

ಹಿಡಿದಳು. ಅವನಿಗೆ ದಿನವೂ ಸೂಜಿ ಹಿಡಿದು ಅಭ್ಯಾಸವಿಲ್ಲ. ಬೇರೆಯವರು ತೆಗೆದುಕೊಟ್ಟದ್ದನ್ನು ಕುದಿಸುವವನು ಅವನು. ಚರ್ಮದ ಕೆಳಗೆ ನರ ಹುಡುಕಿದ. ಬೆರಳ ತುದಿಗೆ ಅವಳ ಮೈಯ ಬಿಸಿ ತಾಗಿತು. ಸೂಜಿಯ ನೆಪವಿಲ್ಲದೆ ಅವಳನ್ನು ಮುಟ್ಟಿ ಎಷ್ಟೋ ತಿಂಗಳಾಯಿತು ಅನ್ನಿಸಿತು. ಈಗ ಕೇಳಬಹುದು. ಏನಾದರೂ ಇದೆಯಾ? ಸೂಜಿ ಚುಚ್ಚಿದ.

ರಕ್ತ ಕೊಳವೆಯೊಳಗೆ ಏರತೊಡಗಿತು. ಅವಳು ಕಿಟಕಿಯ ಕಡೆ ನೋಡುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ನಿಮ್ಮ ಆಸ್ಪತ್ರೇಲಿ ಹೆಂಗಸರ ಡಾಕ್ಟ್ರು ಯಾವ್ಯಾವ ದಿನ ಇರ್ತಾರೆ?"

ಅವನು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ.

"ಯಾರಿಗೆ?"

ಅವಳು ತಿರುಗಿ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು ಅನ್ನಿಸಿತು; ಕೊಳವೆ ಅರ್ಧ ತುಂಬಿತ್ತು.

"ಸ್ಕೂಲಲ್ಲಿ ಒಬ್ಬರಿಗೆ. ನಮ್ಮ ಡ್ರಾಯಿಂಗ್ ಟೀಚರ್ ಇದಾರಲ್ಲ, ಅವರಿಗೆ."

ಅವರ ಶಾಲೆಯ ಡ್ರಾಯಿಂಗ್ ಟೀಚರ್ ಗಂಡಸು. ಗಿರಿಜಾ ಮೀಸೆಯ ದಢೂತಿ ಮನುಷ್ಯ. ಒಮ್ಮೆ ಊಟಕ್ಕೆ ಬಂದು ಇದೇ ಕುರ್ಚಿಯಲ್ಲಿ ಕೂತು ಹೋಗಿದ್ದ. ಅದು ಇವನಿಗೆ ಗೊತ್ತಿತ್ತು. ಇವನಿಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಸುಳ್ಳು ಹೇಳುವವರು ಇಷ್ಟು ಹಸಿ ಸುಳ್ಳು ಹೇಳುವುದಿಲ್ಲ. ಅವಳು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತ ಹಾಗಿತ್ತು. ಒಳಗೆ ಕಾಲಿಡುವುದೊಂದೇ ಬಾಕಿ. "ಅಯ್ಯೋ, ಅವನು ಗಂಡಸಲ್ವೇನೇ" ಎಂದು ನಕ್ಕುಬಿಟ್ಟಿದ್ದರೂ ಸಾಕಿತ್ತು, ಉಳಿದದ್ದು ತಾನಾಗಿಯೇ ಹೊರಬರುತ್ತಿತ್ತು. ಅವಳ ತುಟಿ ಆಗಲೇ ಸ್ವಲ್ಪ ಬಿಚ್ಚಿಕೊಂಡಿತ್ತು.

"ಸೋಮವಾರ, ಗುರುವಾರ," ಅಂದ ಅವನು. "ಬೆಳಿಗ್ಗೆ ಬೇಗ ಬರೋದಕ್ಕೆ ಹೇಳು. ಹೊಸಬರಿಗೆ ಚೀಟಿ ಕೊಡೋದು ಬಲಗಡೆ ಕಿಟಕೀಲಿ. ಹಳೇ ರಿಪೋರ್ಟ್ ಏನಾದ್ರೂ ಇದ್ರೆ ತರಬೇಕು."

"ಹಳೇದು ಏನೂ ಇಲ್ಲ ಅನ್ಸುತ್ತೆ."

"ಇಲ್ಲದಿದ್ರೂ ಪರವಾಗಿಲ್ಲ."

"ಹೂಂ. ಹೇಳ್ತೀನಿ."

ಕೊಳವೆ ತುಂಬಿತು. ಸೂಜಿ ಎಳೆದು ಹತ್ತಿ ಇಟ್ಟ. ಹತ್ತಿ ಕೂಡಲೆ ಕೆಂಪಾಯಿತು, ಇನ್ನೊಂದು ತುಂಡು ಇಟ್ಟ.

"ಒತ್ತಿ ಹಿಡ್ಕೊ."

"ಎಷ್ಟೊತ್ತು?"

"ನಿಲ್ಲೋವರೆಗೂ. ಬಿಡಬೇಡ."

ಕೊಳವೆಯನ್ನು ಎರಡು ಸಲ ಮೆಲ್ಲಗೆ ತಲೆಕೆಳಗು ಮಾಡಿ ಐಸಿನೊಳಗೆ ಹುಗಿದು ಮುಚ್ಚಳ ತಿರುಗಿಸಿದ. ಇನ್ನು ತಡಮಾಡುವಂತಿಲ್ಲ. ಹೊರಗಿದ್ದಷ್ಟು ಹೊತ್ತೂ ರಕ್ತ ತನ್ನಷ್ಟಕ್ಕೆ ಸುಡುತ್ತ ಹೋಗುತ್ತದೆ, ಆಮೇಲೆ ಯಾವ ಲೆಕ್ಕವೂ ಸಿಗುವುದಿಲ್ಲ. ಇದನ್ನು ಅವಳಿಗೆ ವಿವರಿಸಬೇಕೆನ್ನಿಸಿತು. ಅವಳು ಕೇಳಲಿಲ್ಲ.

"ಟೀ ಮಾಡ್ಲಾ?" ಅಂದಳು, ಕೂತಲ್ಲಿಂದಲೇ.

"ಬೇಡ. ಬಸ್ಸು ತಪ್ಪುತ್ತೆ."

"ಬಾಗಿಲು ಎಳ್ಕೊಂಡು ಹೋಗಿ."

ಎಳೆದುಕೊಂಡ. ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಜಾಗವೂ ಸಿಕ್ಕಿತು. ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಉಸಿರು ಬಿಟ್ಟ. ಒಂಥರಾ ಹಗುರವಾಗಿತ್ತು. ಸೋಮವಾರ ಅಥವಾ ಗುರುವಾರ ಅವಳಾಗಿಯೇ ಬರುತ್ತಾಳೆ. ಬಂದು ತೋರಿಸಿಕೊಳ್ಳುತ್ತಾಳೆ. ತಾನು ಹೇಳಬೇಕಾದ್ದನ್ನು ಹೇಳಿಯಾಯಿತು. ಅವಳು ಬಾರದೆ ಹೋದರೆ ಎಂಬುದನ್ನು ಅವನು ಅಲ್ಲಿಗೇ ಬಿಟ್ಟ.

ಪಕ್ಕದ ಮುದುಕ ಫ್ಲಾಸ್ಕನ್ನು ನೋಡುತ್ತಿದ್ದ. "ಊಟ ತಗೊಂಡು ಹೋಗ್ತಿದೀರಾ? ಯಾರಾದ್ರೂ ಆಸ್ಪತ್ರೇಲಿದಾರಾ?"

"ಇಲ್ಲ."

"ಮತ್ತೆ?"

"ಐಸು."

ಮುದುಕ ತೃಪ್ತನಾಗಿ ಮುಂದೆ ನೋಡಿದ. ಅವನು ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದ. ಹತ್ತಿ ಇತ್ತು, ಮುಚ್ಚಳ ಹಾಕಿದ ಸೂಜಿ ಇತ್ತು. ಎಡದ ಜೇಬು ನೋಡಿದ. ಅಂಗಿಯ ಜೇಬು ನೋಡಿದ. ಮತ್ತೆ ಬಲದ ಜೇಬು ನೋಡಿದ.

ರಬ್ಬರ್ ಪಟ್ಟಿ ಇರಲಿಲ್ಲ.

ಸೂಜಿ ಎಳೆಯುವ ಮೊದಲು ಪಟ್ಟಿ ಬಿಚ್ಚಬೇಕು. ಹೊಸದಾಗಿ ಕಲಿಯುವವರಿಗೆ ಮೊದಲು ಹೇಳಿಕೊಡುವುದೇ ಅದನ್ನು. ಅವನು ಬಿಚ್ಚಿರಲಿಲ್ಲ. ಮುಷ್ಟಿ ಬಿಡು ಎಂದೂ ಹೇಳಿರಲಿಲ್ಲ.

ಬಿಚ್ಚಿಕೊಳ್ಳುತ್ತಾಳೆ, ಮಗುವೇನಲ್ಲ, ಅಂದುಕೊಂಡ. ಒಂದು ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು. ಆದರೆ ಎಳೆಯುವುದಕ್ಕೆ ಇನ್ನೊಂದು ಕೈ ಬೇಕು; ಆ ಕೈಯಲ್ಲಿ ಹತ್ತಿ ಒತ್ತಿ ಹಿಡಿ, ಬಿಡಬೇಡ ಎಂದು ಅವನೇ ಹೇಳಿ ಬಂದಿದ್ದ. ಪಟ್ಟಿ ಬಿಚ್ಚದೆ ರಕ್ತ ನಿಲ್ಲುವುದಿಲ್ಲ. ರಕ್ತ ನಿಲ್ಲದೆ ಅವಳು ಕೈ ಬಿಡುವುದಿಲ್ಲ. ಅವಳನ್ನು ಅವನು ಅಷ್ಟಾದರೂ ಬಲ್ಲ.

ಫೋನ್ ತೆಗೆದು ಮನೆಗೆ ಮಾಡಿದ. ಆ ಕಡೆ ಗಂಟೆ ಹೊಡೆದುಕೊಳ್ಳತೊಡಗಿತು. ಊಟದ ಮೇಜು ಕಣ್ಣಿಗೆ ಕಟ್ಟಿತು. ಚಾಚಿದ ತೋಳು, ಬಿಗಿದ ಮುಷ್ಟಿ, ಊದಿಕೊಂಡು ನೀಲಿಗಟ್ಟುತ್ತಿರುವ ಬೆರಳುಗಳು. ಪಕ್ಕದಲ್ಲೇ ಬಡಿದುಕೊಳ್ಳುತ್ತಿರುವ ಫೋನನ್ನು ಅವಳು ಸುಮ್ಮನೆ ನೋಡುತ್ತ ಕೂತಿದ್ದಳು. ಎರಡು ಕೈಯೂ ಅವನು ಹೇಳಿದ ಕೆಲಸದಲ್ಲಿದ್ದವು. ಗಂಟೆ ಹೊಡೆದೂ ಹೊಡೆದೂ ನಿಂತಿತು.

ನಿಲ್ದಾಣ ಬಂತು. ಬಾಗಿಲು ತೆರೆದುಕೊಂಡಿತು. ಎದುರಿನ ಬದಿಗೆ ವಾಪಸು ಹೋಗುವ ಬಸ್ಸು ಖಾಲಿ ನಿಂತಿತ್ತು. ಅವನು ಅರ್ಧ ಎದ್ದ.

"ಇಳೀತೀರಾ?" ಎಂದು ಮುದುಕ ಕಾಲು ಮಡಚಿ ದಾರಿ ಬಿಟ್ಟ.

ಫ್ಲಾಸ್ಕಿನೊಳಗೆ ಐಸ್ ಚೂರುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕರಗುತ್ತಿರಬೇಕು.

"ಇಲ್ಲ," ಅಂದ. ಕೂತ.

ಬಸ್ಸು ತಿರುಗಿದಾಗ ಕಿಟಕಿಯಿಂದ ಬಿಸಿಲು ನೇರವಾಗಿ ತೊಡೆಯ ಮೇಲೆ ಬಿತ್ತು. ಅವನು ಫ್ಲಾಸ್ಕನ್ನು ನೆರಳಿಗೆ ಸರಿಸಿ ಎರಡೂ ಕೈಯಿಂದ ಮುಚ್ಚಿ ಹಿಡಿದುಕೊಂಡ. ಒಳಗೆ ಅವಳ ರಕ್ತ ಚೂರೂ ಕೆಡದೆ ತಣ್ಣಗಿತ್ತು.